ಕಲಿಸಿದರೆ ಬಿಟ್ಟು ಹೋಗ್ತಾರಂತೆ!

ನಮ್ಮದೊಂದು ಸಣ್ಣ ಹೋಟೆಲ್. ಬೆಂಗಳೂರಿನ ಒಂದು ಬಸ್‌ಸ್ಟಾಪಿನ ಎದುರಿಗಿರುವ, ನಿಂತು ತಿನ್ನುವ ದರ್ಶಿನಿ. ಬೆಳಿಗ್ಗೆ ಆರಕ್ಕೆ ಶಟರ್ ಎತ್ತಿದರೆ ಇಳಿಸುವುದು ರಾತ್ರಿ ಹತ್ತೂವರೆಗೆ. ಬಿ.ಕಾಂ. ಮುಗಿಸಿದ ಮೇಲೆ ಸಂಜೆ ಹೊತ್ತು ಗಲ್ಲಾದಲ್ಲಿ ಕೂರುವುದು ನನ್ನ ಕೆಲಸ. ಕಳೆದ ತಿಂಗಳು ಒಂದು ಸಂಜೆ, ಗಿರಾಕಿಗಳು ಕಡಿಮೆ ಇದ್ದ ಹೊತ್ತಿನಲ್ಲಿ, ನಮ್ಮ ದೋಸೆ ಭಟ್ಟರು ಕೈ ಒರೆಸಿಕೊಳ್ಳುತ್ತಾ ಬಂದು ಗಲ್ಲಾದ ಪಕ್ಕ ನಿಂತರು. 'ಬಹಿನಿ, ಒಂದು ಕಾಗದ ಬರೆದು ಕೊಡ್ತೀರಾ? ನಾನು ಇಲ್ಲಿ ಕೆಲಸ ಮಾಡ್ತೀನಿ ಅಂತ?' ಎಂದು ಕೇಳಿದರು.

ಭಟ್ಟರು ಅಂದೆ, ಆದರೆ ಅವರು ಭಟ್ಟರಲ್ಲ. ನೇಪಾಳದ ದೂರದ ಪಶ್ಚಿಮದ ಅಛಾಮ್ ಜಿಲ್ಲೆಯವರು. ಹೋಟೆಲಿನಲ್ಲಿ ಎಲ್ಲರೂ ಅವರನ್ನು 'ಬಹಾದ್ದೂರ್' ಅಂತಲೇ ಕರೆಯುತ್ತಾರೆ. ಅದೂ ಅವರ ಹೆಸರಲ್ಲ. ನೇಪಾಳದಿಂದ ಬಂದ ಯಾರಿಗಾದರೂ ನಮ್ಮ ನಗರ ಅಂಟಿಸುವ ಹೆಸರು ಅದು. ನಾನು ದಾಜು ಅನ್ನುತ್ತೇನೆ. ಹಾಗೆಂದರೆ ಅಣ್ಣ. ಅವರು ನನ್ನನ್ನು ಬಹಿನಿ, ಅಂದರೆ ತಂಗಿ, ಅನ್ನುತ್ತಾರೆ.

ವಿಷಯ ಇಷ್ಟೇ. ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿ ಕ್ಯಾಂಟೀನಿಗೆ ದೋಸೆ ಮಾಡುವವರು ಬೇಕಾಗಿದ್ದರು. ದಾಜು ರಜೆಯ ದಿನ ಹೋಗಿ ಬಂದಿದ್ದರು. ಹಿಟ್ಟು ಕೊಟ್ಟು ಮಾಡಿ ತೋರಿಸು ಅಂದರಂತೆ, ಹತ್ತು ನಿಮಿಷದಲ್ಲಿ ಮಾಡಿ ತೋರಿಸಿದರಂತೆ. ಎಲ್ಲರಿಗೂ ಇಷ್ಟವಾಯಿತಂತೆ. ಆಮೇಲೆ ಒಬ್ಬರು ಫೈಲ್ ತೆರೆದು, ಅನುಭವ ಪತ್ರ ಇದೆಯಾ, ಆಹಾರ ಸುರಕ್ಷತೆಯ ಟ್ರೈನಿಂಗ್ ಸರ್ಟಿಫಿಕೇಟ್ ಇದೆಯಾ, ಎಲ್ಲಿ ಕಲಿತಿರಿ ಅಂತ ಕೇಳಿದರಂತೆ. ಎಲ್ಲಿ ಕಲಿತದ್ದು ಅಂದರೆ ನಮ್ಮ ಹೋಟೆಲಿನಲ್ಲಿ. ಅದಕ್ಕೆ ಕಾಗದ ಎಲ್ಲಿದೆ? ಸಂಬಳ ಇಲ್ಲಿಗಿಂತ ಐದು ಸಾವಿರ ಹೆಚ್ಚು, ಪಿ.ಎಫ್., ವಾರಕ್ಕೊಂದು ರಜೆ. ಬರಿಗೈಯಲ್ಲಿ ವಾಪಸ್ ಬಂದಿದ್ದರು.

ನಾನು ಆಗಲಿ ಅಂದೆ. ರಾತ್ರಿ ಲೆಕ್ಕ ಮುಗಿದ ಮೇಲೆ ಅಪ್ಪಯ್ಯನ ಹತ್ತಿರ ಹೇಳಿದೆ. ಅವರು ನೋಟು ಎಣಿಸುತ್ತಲೇ, 'ಬರ್ದ್ ಕೊಟ್ರೆ ನಾಳಿ ಕಾವ್ಲಿ ಮುಂದ್ ನಿಂತ್ಕಂಬುದ್ ಯಾರ್, ನೀನಾ?' ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ಹೋಟೆಲ್ ಮಾಲೀಕರೆಲ್ಲ ಹೇಳುವ ಆ ಮಾತನ್ನೂ ಹೇಳಿದರು: ಕಲಿಸುವುದು ನಾವು, ಕಲಿತ ಮೇಲೆ ಬಿಟ್ಟು ಹೋಗ್ತಾರೆ.

ಅಪ್ಪಯ್ಯ ಕೆಟ್ಟವರಲ್ಲ. ಊಟ, ವಸತಿ, ಹಬ್ಬಕ್ಕೆ ಬಟ್ಟೆ, ಊರಿಗೆ ಹೋಗುವಾಗ ಮುಂಗಡ, ಯಾವುದಕ್ಕೂ ಹಿಂದೆಮುಂದೆ ನೋಡಿದವರಲ್ಲ. ಆದರೂ ಅವರ ಆ ಮಾತು ಅಂದಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಏಕೆಂದರೆ ಗಲ್ಲಾದ ಹಿಂದಿನ ಗೋಡೆಯಲ್ಲಿ, ಉಡುಪಿ ಕೃಷ್ಣನ ಫೋಟೋದ ಪಕ್ಕದಲ್ಲಿ, ಫ್ರೇಮ್ ಹಾಕಿಸಿದ ಒಂದು ಹಳೆಯ ಕಾಗದವಿದೆ. ಅದು ನನ್ನ ಅಜ್ಜಯ್ಯನ ಎಸ್ಸೆಸ್ಸಿ ಸರ್ಟಿಫಿಕೇಟ್. ಮುಂಬೈಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ತೆಗೆದುಕೊಂಡದ್ದು.

ಬೈಂದೂರು ಕಡೆಯ ಹಳ್ಳಿಯಿಂದ ಹದಿಮೂರನೇ ವಯಸ್ಸಿಗೆ ಊರಿನವರೊಬ್ಬರ ಬೆನ್ನುಹತ್ತಿ ಅಜ್ಜಯ್ಯ ಮುಂಬೈಗೆ ಹೋದರು. ಹೋಟೆಲಿನಲ್ಲಿ ಮಾಣಿ. ಲೋಟ ತೊಳೆಯುವುದು, ಟೇಬಲ್ ಒರೆಸುವುದು, ರಾತ್ರಿ ಅದೇ ಟೇಬಲ್ ಜೋಡಿಸಿ ಅದರ ಮೇಲೆ ಮಲಗುವುದು. ಕರಾವಳಿಯ ಯಾವ ಮನೆಯಲ್ಲಿ ಕೇಳಿದರೂ ಇಂಥ ಒಂದು ಕಥೆ ಸಿಗುತ್ತದೆ. ಮಾಟುಂಗ ನಿಲ್ದಾಣದ ಪಕ್ಕ 1942ರಲ್ಲಿ ಹೋಟೆಲ್ ತೆರೆದ ಎ. ರಾಮ ನಾಯಕರು, 1938ರಲ್ಲಿ ಚೆನ್ನೈಯಲ್ಲಿ ವುಡ್‌ಲ್ಯಾಂಡ್ಸ್ ಶುರು ಮಾಡಿದ ಕೆ. ಕೃಷ್ಣರಾಯರು, ಇವರೆಲ್ಲ ಬೇರೆಯವರ ಅಡುಗೆಮನೆಯಲ್ಲಿ ದುಡಿದೇ ಮೇಲೆ ಬಂದವರು. ಆಗ ಮುಂಬೈಯಲ್ಲಿ ನಮ್ಮವರೇ ವಲಸಿಗರು. ಭಾಷೆ ಬಾರದ, ಕಡಿಮೆ ಸಂಬಳಕ್ಕೆ ಹೆಚ್ಚು ಹೊತ್ತು ದುಡಿಯುವ, ಸ್ಥಳೀಯರ ಕೆಲಸ ಕಿತ್ತುಕೊಂಡರು ಅಂತ ಬೈಸಿಕೊಳ್ಳುವ ವಲಸಿಗರು. 1960ರ ದಶಕದಲ್ಲಿ ಮುಂಬೈಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆದಾಗ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದನ್ನು ಅಜ್ಜಯ್ಯ ಕಣ್ಣಾರೆ ನೋಡಿದ್ದರು.

ಆದರೆ ಅಂದಿನ ಮಾಣಿಗಳಿಗೆ ಒಂದು ಅನುಕೂಲವಿತ್ತು. ಹಗಲು ದುಡಿಯುವ ಹುಡುಗರಿಗಾಗಿ ಮುಂಬೈಯ ಕನ್ನಡಿಗರು, ತುಳುವರು, ಜಾತಿ ಸಂಘಗಳು, ಕನ್ನಡ ಸಂಘಗಳು ಸೇರಿ ರಾತ್ರಿ ಶಾಲೆ ನಡೆಸುತ್ತಿದ್ದವು. ಹೋಟೆಲಿನಲ್ಲಿದ್ದುಕೊಂಡೇ ಓದಿ ಬ್ಯಾಂಕ್ ಗುಮಾಸ್ತರಾದವರು, ವಕೀಲರಾದವರು, ಮೇಷ್ಟ್ರಾದವರು ಎಷ್ಟೋ ಮಂದಿ. ಅಜ್ಜಯ್ಯನ ಧಣಿ ಸಂಜೆ ಆರೂವರೆಗೆ ಗಡಿಯಾರ ನೋಡಿ, 'ಹೋಗು ಮಾಣಿ, ಮೇಷ್ಟ್ರು ಕಾಯ್ತಾರೆ' ಅನ್ನುತ್ತಿದ್ದರಂತೆ. ಸಂಜೆ ಆರೂವರೆ ಅಂದರೆ ಹೋಟೆಲಿಗೆ ಎಂಥ ಹೊತ್ತು ಎನ್ನುವುದು ಗಲ್ಲಾದಲ್ಲಿ ಕೂತ ಮೇಲೆ ನನಗೆ ಗೊತ್ತಾಗಿದೆ. ಅಂಥ ಹೊತ್ತಿನಲ್ಲಿ ಒಬ್ಬ ಕೈಯಾಳನ್ನು ಕಳಿಸಿಕೊಡುವುದು ಸಣ್ಣ ಮಾತಲ್ಲ. ಓದಿದ ಹುಡುಗ ಬಿಟ್ಟು ಹೋಗುತ್ತಾನೆ ಅಂತ ಆ ಧಣಿಗೂ ಗೊತ್ತಿತ್ತು. ಅಜ್ಜಯ್ಯ ಬಿಟ್ಟೇ ಹೋದರು. ಬೆಂಗಳೂರಿಗೆ ಬಂದು 1978ರಲ್ಲಿ ನಮ್ಮ ಹೋಟೆಲ್ ಶುರು ಮಾಡಿದರು.

ಈಗ ನಮ್ಮ ಅಡುಗೆಮನೆಗೆ ಬನ್ನಿ. ಹನ್ನೊಂದು ಜನ ಕೆಲಸಗಾರರು. ಅವರಲ್ಲಿ ಕರಾವಳಿಯವರು ಇಬ್ಬರು. ಸಾಂಬಾರ್ ನೋಡಿಕೊಳ್ಳುವ, ಅರವತ್ತು ದಾಟಿದ ಮುಖ್ಯ ಭಟ್ಟರು ಒಬ್ಬರು, ಅವರ ಸೋದರಳಿಯ ಇನ್ನೊಬ್ಬ. ನಾಲ್ವರು ನೇಪಾಳದವರು, ಮೂವರು ಒಡಿಶಾದವರು, ಇಬ್ಬರು ಅಸ್ಸಾಮಿನವರು. ಬೆಂಗಳೂರಿನ ಯಾವ ದರ್ಶಿನಿಯ ಹಿಂಬಾಗಿಲಿನಿಂದ ಇಣುಕಿದರೂ ಹೆಚ್ಚುಕಡಿಮೆ ಇದೇ ಚಿತ್ರ. ನೀವು 'ಅಪ್ಪಟ ಉಡುಪಿ ರುಚಿ' ಅಂತ ಚಪ್ಪರಿಸುವ ಮಸಾಲೆ ದೋಸೆಯನ್ನು ಹುಯ್ದವರು ಹಿಮಾಲಯದ ಕಡೆಯವರಾಗಿರುವ ಸಾಧ್ಯತೆಯೇ ಹೆಚ್ಚು.

ಇವರಿಗೆ ಯಾರೂ ತರಬೇತಿ ಕೊಟ್ಟಿಲ್ಲ ಅನ್ನುವುದು ತಪ್ಪು. ತರಬೇತಿ ಇದೆ. ಅದಕ್ಕೆ ಹೆಸರಿಲ್ಲ, ಅಷ್ಟೇ. ದಾಜು ಬಂದಾಗ ಕ್ಲೀನರ್. ಆಮೇಲೆ ತರಕಾರಿ ಹೆಚ್ಚುವುದು. ಆಮೇಲೆ ಗ್ರೈಂಡರ್. ಅಕ್ಕಿ ಉದ್ದು ಎಷ್ಟು ಹೊತ್ತು ನೆನೆಯಬೇಕು, ಉದ್ದು ಎಷ್ಟು ಉಬ್ಬಿದಾಗ ನಿಲ್ಲಿಸಬೇಕು ಅಂತ ಕಲಿತದ್ದು ಅಲ್ಲಿ. ಡಿಸೆಂಬರಿನ ಚಳಿಗೆ ಹಿಟ್ಟು ಹುಳಿ ಬರುವುದಿಲ್ಲ, ಸಂಜೆ ಬೇಗ ರುಬ್ಬಿ ಬೆಚ್ಚಗಿನ ಜಾಗದಲ್ಲಿಡಬೇಕು. ಏಪ್ರಿಲ್‌ನಲ್ಲಿ ಉಕ್ಕಿ ಹರಿಯುತ್ತದೆ, ರುಬ್ಬುವಾಗಲೇ ಐಸ್ ನೀರು ಹಾಕಬೇಕು. ಇದು ಯಾವ ಪುಸ್ತಕ ಓದಿಯೂ ಬರುವುದಿಲ್ಲ. ಆಮೇಲೆ ಇಡ್ಲಿ ಪಾತ್ರೆ, ವಡೆಯ ಎಣ್ಣೆ, ಚಟ್ನಿ. ಕಡೆಗೆ ದೋಸೆ ಕಲ್ಲು. ಕಲ್ಲಿನ ಯಾವ ಮೂಲೆ ಹೆಚ್ಚು ಕಾಯುತ್ತದೆ, ಯಾವುದು ಕಡಿಮೆ ಅಂತ ದಾಜು ಕಣ್ಣು ಮುಚ್ಚಿ ಹೇಳುತ್ತಾರೆ. ಪೊರಕೆಯಿಂದ ನೀರು ಚಿಮುಕಿಸಿದಾಗ ಬರುವ ಸದ್ದಿನಿಂದಲೇ ಅವರಿಗೆ ಕಾವು ಗೊತ್ತಾಗುತ್ತದೆ. ಭಾನುವಾರ ಬೆಳಿಗ್ಗೆ ಒಂದೇ ಸಲಕ್ಕೆ ಹನ್ನೆರಡು ದೋಸೆ ಹುಯ್ಯುತ್ತಾರೆ. 'ಒಂದು ಖಾಲಿ, ಎರಡು ಮಸಾಲೆ, ಒಂದು ಬೆಣ್ಣೆ, ಈರುಳ್ಳಿ ಬೇಡ' ಅಂತ ಕೂಗಿದ್ದನ್ನು ಚೀಟಿ ನೋಡದೆ ನೆನಪಿಟ್ಟುಕೊಳ್ಳುತ್ತಾರೆ. ಅವರ ಕನ್ನಡ ಶುರುವಾದದ್ದೇ ಆ ಕೂಗಿನಿಂದ.

ಹಾಗಾಗಿ ವಲಸಿಗರಿಗೆ, ನಿರಾಶ್ರಿತರಿಗೆ 'ಅಡುಗೆ ತರಬೇತಿ' ಕೊಡಬೇಕು ಅಂತ ಯಾರಾದರೂ ಹೇಳಿದಾಗ ನನಗೆ ಮೊದಲು ಸ್ವಲ್ಪ ನಗು ಬರುತ್ತದೆ. ಅಡುಗೆ ಅವರಿಗೆ ಬರುತ್ತದೆ. ಅವರಿಗೆ ಸಿಗದೇ ಇರುವುದು ಅಡುಗೆಯ ಸುತ್ತಲಿನದ್ದು. ಭಾಷೆ, ಸುರಕ್ಷತೆ, ತನ್ನ ಸಂಬಳದ ಲೆಕ್ಕ ಓದುವುದು, ಕಲಿತದ್ದಕ್ಕೆ ಒಂದು ಕಾಗದ. ಇವು ಸಿಗದೇ ಹೋದರೆ ಏನಾಗುತ್ತದೆ ಅಂತ ನಮ್ಮ ಅಡುಗೆಮನೆಯಲ್ಲೇ ನೋಡಿದ್ದೇನೆ. ಆ ಘಟನೆಯನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯುತ್ತೇನೆ.

ಎರಡು ವರ್ಷದ ಹಿಂದೆ ಒಡಿಶಾದಿಂದ ಒಬ್ಬ ಹುಡುಗ ಬಂದ. ಇಪ್ಪತ್ತರ ವಯಸ್ಸು. ಬಂದು ಮೂರನೇ ದಿನ. ಒಲೆಯ ಮೇಲಿನ ಚಿಮಣಿ ತೊಳೆಯಲು ಕಾಸ್ಟಿಕ್ ಸೋಡಾ ಕಲಸಿಟ್ಟ ಬಕೆಟ್ ಮೂಲೆಯಲ್ಲಿತ್ತು. ಪಾತ್ರೆ ತೊಳೆಯುವ ಸೋಪಿನ ನೀರು ಅಂದುಕೊಂಡು ಅವನು ಮೊಣಕೈವರೆಗೆ ಕೈ ಅದ್ದಿದ. ಡಬ್ಬಿಯ ಮೇಲೆ ಎಚ್ಚರಿಕೆ ಇತ್ತು, ಇಂಗ್ಲಿಷಿನಲ್ಲಿ. 'ಮುಟ್ಟಬೇಡ' ಅಂತ ಭಟ್ಟರು ಬೆಳಿಗ್ಗೆ ಹೇಳಿದ್ದರು, ಕನ್ನಡದಲ್ಲಿ. ಅವನಿಗೆ ಬರುವುದು ಒಡಿಯಾ ಮಾತ್ರ. ಅಪ್ಪಯ್ಯ ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು, ಖರ್ಚು ಪೂರ್ತಿ ಕೊಟ್ಟರು, ಎರಡು ತಿಂಗಳ ಸಂಬಳವನ್ನೂ ಕೊಟ್ಟು ಊರಿಗೆ ಕಳಿಸಿದರು. ಅವನು ಮತ್ತೆ ಬರಲಿಲ್ಲ. ಬಕೆಟ್ ಈಗಲೂ ಅದೇ ಮೂಲೆಯಲ್ಲಿದೆ. ಈಗ ಅದರ ಮೇಲೆ ನಾನು ಕೆಂಪು ಪೇಂಟಿನಲ್ಲಿ ಒಂದು ತಲೆಬುರುಡೆ ಬರೆದಿದ್ದೇನೆ. ನಮ್ಮ ಹೋಟೆಲ್ ಈವರೆಗೆ ಕೊಟ್ಟ ಸುರಕ್ಷತಾ ತರಬೇತಿ ಅಂದರೆ ಅದೊಂದೇ.

ಪಕ್ಕದ ಗೋಡೆಯಲ್ಲಿ ಸ್ವಚ್ಛತೆಯ ನಿಯಮಗಳ ಪೋಸ್ಟರೂ ಇದೆ. ಕನ್ನಡ ಮತ್ತು ಇಂಗ್ಲಿಷಿನಲ್ಲಿ. ನೇಪಾಳಿಗಳಿಗೆ ದೇವನಾಗರಿ ಓದಲು ಬರುತ್ತದೆ, ಅವರ ಲಿಪಿ ಅದೇ. ಬೆಂಗಳೂರಿನಲ್ಲಿ ಆ ಲಿಪಿಯ ಬೋರ್ಡಿನ ಮಾತೆತ್ತಿದರೆ ಏನಾಗುತ್ತದೆ ಅಂತ ನನಗೂ ಗೊತ್ತು. ನಾನು ಬೀದಿಯ ಬೋರ್ಡಿನ ಬಗ್ಗೆ ಹೇಳುತ್ತಿಲ್ಲ, ಕಾಸ್ಟಿಕ್ ಸೋಡಾದ ಡಬ್ಬಿಯ ಬಗ್ಗೆ ಹೇಳುತ್ತಿದ್ದೇನೆ.

ದಾಜು ಕಾಗದ ಕೇಳಿದ ಮೇಲೆ ಒಂದು ವಾರ ಮೊಬೈಲ್ ಹಿಡಿದು ಅವರಿಗೊಂದು ಕೋರ್ಸ್ ಹುಡುಕಿದೆ. ಸರ್ಕಾರದ ಯೋಜನೆಗಳು ಇಲ್ಲವೆಂದಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009-10ರಲ್ಲಿ ಶುರು ಮಾಡಿದ 'ಹುನರ್ ಸೇ ರೋಜ್‌ಗಾರ್ ತಕ್' ಯೋಜನೆಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಎಂಟು ವಾರಗಳ ಅಡುಗೆ ಕೋರ್ಸು ಕೊಡುತ್ತಾ ಬಂದಿದ್ದಾರೆ, ಶುಲ್ಕವಿಲ್ಲ. 2015ರಲ್ಲಿ ಬಂದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ನನಗೆ ತುಂಬ ಹಿಡಿಸಿದ ಒಂದು ಭಾಗವಿದೆ. ಈಗಾಗಲೇ ಕೆಲಸ ಗೊತ್ತಿರುವವರಿಗೆ ಮೊದಲಿನಿಂದ ಪಾಠ ಮಾಡದೆ, ಸ್ವಲ್ಪ ತಯಾರಿ ಮಾಡಿಸಿ, ಅವರ ಕೆಲಸ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದು. ದೋಸೆ ಕಲ್ಲಿನ ಮುಂದೆ ವರ್ಷಗಟ್ಟಲೆ ನಿಂತವರಿಗೆ ಹೇಳಿ ಮಾಡಿಸಿದ್ದು. ಆದರೆ ಅರ್ಜಿಯ ಮೊದಲ ಷರತ್ತೇ ಭಾರತೀಯ ಪ್ರಜೆಯಾಗಿರಬೇಕು ಎನ್ನುವುದು. ಒಡಿಶಾ, ಅಸ್ಸಾಮಿನವರಿಗೆ ಆ ತೊಂದರೆ ಇಲ್ಲ. ಅವರ ತೊಂದರೆ ಸಮಯದ್ದು. ತರಗತಿಗಳು ಹಗಲಿಗೆ, ಹೋಟೆಲ್ ಕೆಲಸವೂ ಹಗಲಿಗೆ. ಎಂಟು ವಾರ ಸಂಬಳ ಬಿಟ್ಟು ಕೂತರೆ ಊರಿಗೆ ಹಣ ಕಳಿಸುವವರು ಯಾರು?

ನೇಪಾಳದವರ ವಿಚಾರ ಇನ್ನೂ ವಿಚಿತ್ರ. 1950ರ ಭಾರತ-ನೇಪಾಳ ಒಪ್ಪಂದದ ಪ್ರಕಾರ ಅವರು ವೀಸಾ ಇಲ್ಲದೆ ಬರಬಹುದು, ಇರಬಹುದು, ದುಡಿಯಬಹುದು. ಅಂದರೆ ಅವರ ದುಡಿಮೆಗೆ ಗಡಿ ಅಡ್ಡ ಬರುವುದಿಲ್ಲ, ಅದೇ ದುಡಿಮೆಗೆ ಒಂದು ಸರ್ಟಿಫಿಕೇಟ್ ಕೇಳಿದಾಗ ಅಡ್ಡ ಬರುತ್ತದೆ.

ಆಹಾರ ಸುರಕ್ಷತಾ ಪ್ರಾಧಿಕಾರದ ತರಬೇತಿ ಸ್ವಲ್ಪ ಹತ್ತಿರದ್ದು. 2017ರಲ್ಲಿ ಶುರುವಾದ 'ಫೋಸ್ಟ್ಯಾಕ್' ಎಂಬ ಈ ವ್ಯವಸ್ಥೆಯಲ್ಲಿ ಪ್ರತಿ ಇಪ್ಪತ್ತೈದು ಕೆಲಸಗಾರರಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಇರಬೇಕು. ಕೆಲವೇ ಗಂಟೆಗಳ ತರಗತಿ. ನಮ್ಮ ಹೋಟೆಲಿನಿಂದ ಹೋದವರು ಯಾರು ಗೊತ್ತೇ? ಅಪ್ಪಯ್ಯ. ಅವರ ಸರ್ಟಿಫಿಕೇಟ್ ಲೈಸೆನ್ಸಿನ ಜೊತೆ ಫೈಲಿನಲ್ಲಿದೆ. ದಿನಾ ಹಿಟ್ಟಿಗೆ ಕೈ ಹಾಕುವ ಒಬ್ಬರೂ ಹೋಗಿಲ್ಲ. ನಿಯಮ ಪಾಲನೆಯಾಗಿದೆ, ಬಕೆಟ್ ಮೂಲೆಯಲ್ಲೇ ಇದೆ.

ಹೀಗೆ ಹುಡುಕುವಾಗಲೇ ಬೇರೆ ದೇಶದವರು ಏನು ಮಾಡುತ್ತಾರೆ ಅಂತ ನೋಡಿದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 'ಎಮ್ಮಾಸ್ ಟಾರ್ಚ್' ಅಂತ ಒಂದು ಸಂಸ್ಥೆಯಿದೆ. 2017ರಲ್ಲಿ ಪೂರ್ಣ ಪ್ರಮಾಣದಲ್ಲಿ ಶುರುವಾದದ್ದು. ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಪೀಠದ ಮೇಲೆ ಯಾರ ಕವಿತೆ ಇದೆಯೋ ಆ ಎಮ್ಮಾ ಲಾಜರಸ್ ಹೆಸರು ಅದಕ್ಕೆ. ನಿರಾಶ್ರಿತರು, ಆಶ್ರಯ ಕೋರಿ ಬಂದವರು, ಮಾನವ ಸಾಗಣೆಯಿಂದ ಪಾರಾದವರು ಅಲ್ಲಿ ಕೆಲವು ವಾರ ಅಡುಗೆ ಕಲಿಯುತ್ತಾರೆ. ಅವರ ತರಗತಿ ಒಂದು ನಿಜವಾದ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ನಡೆಯುತ್ತದೆ, ಹೊರಗೆ ಹಣ ಕೊಟ್ಟು ತಿನ್ನುವ ಗಿರಾಕಿಗಳು ಕೂತಿರುತ್ತಾರೆ. ಚಾಕು ಹಿಡಿಯುವುದರ ಜೊತೆಗೆ ಅಡುಗೆಮನೆಗೆ ಬೇಕಾದಷ್ಟು ಇಂಗ್ಲಿಷ್, ಸಂದರ್ಶನಕ್ಕೆ ತಯಾರಿ, ಆಮೇಲೆ ಕೆಲಸ ಹುಡುಕಲು ಸಹಾಯ. ಇದೆಲ್ಲ ಓದಿ ತಲೆದೂಗಿದೆ. ಆದರೆ ನಾನು ನಿಂತು ಎರಡು ಸಲ ಓದಿದ್ದು ಬೇರೆ ಒಂದು ಸಾಲನ್ನು: ಕಲಿಯುವ ಅವಧಿಗೂ ಸಂಬಳ ಕೊಡುತ್ತಾರೆ. ಅಜ್ಜಯ್ಯನ ಧಣಿ ಮಾಡಿದ್ದೂ ಅದನ್ನೇ ಅಲ್ಲವೇ? ಸಂಜೆಯ ಆ ಹೊತ್ತನ್ನು ಸಂಬಳದಲ್ಲಿ ಮುರಿದುಕೊಂಡಿರಲಿಲ್ಲ.

ಅಮೆರಿಕದಲ್ಲಿ ಎಲ್ಲ ಚೆನ್ನಾಗಿದೆ ಅನ್ನುತ್ತಿಲ್ಲ. ಅಂಥ ಒಂದು ಸಂಸ್ಥೆ ಒಂದು ಸಲಕ್ಕೆ ಕಲಿಸಬಲ್ಲದ್ದು ಬೆರಳೆಣಿಕೆಯ ಮಂದಿಗೆ. ಅಷ್ಟೇ ಅಲ್ಲ, ಇಂಥ ತರಬೇತಿಯ ಬಗ್ಗೆ ನನಗೊಂದು ಅನುಮಾನವೂ ಇದೆ. ನಿರಾಶ್ರಿತರು ಅಂದ ಕೂಡಲೇ ಅಡುಗೆ, ಹೊಲಿಗೆ ಅಂತ ಯಾಕೆ ಹೊಳೆಯಬೇಕು? ಊರು ಬಿಟ್ಟು ಬಂದವರಲ್ಲಿ ನರ್ಸ್ ಇರುತ್ತಾರೆ, ಎಂಜಿನಿಯರ್ ಇರುತ್ತಾರೆ, ಶಾಲಾ ಮೇಷ್ಟ್ರು ಇರುತ್ತಾರೆ. ಅವರನ್ನೆಲ್ಲ ಒಲೆಯ ಮುಂದೆ ನಿಲ್ಲಿಸಿ 'ನಿಮ್ಮ ಊರಿನ ಬಿರಿಯಾನಿ ಮಾಡಿ' ಅನ್ನುವುದರಲ್ಲಿ ಪ್ರೀತಿ ಇರಬಹುದು, ಸೋಮಾರಿತನವೂ ಇದೆ. ಮುಂಬೈಯ ರಾತ್ರಿ ಶಾಲೆಯಲ್ಲಿ ಅಜ್ಜಯ್ಯನಿಗೆ ಯಾರೂ ದೋಸೆ ಕಲಿಸಲಿಲ್ಲ. ಗಣಿತ, ಇಂಗ್ಲಿಷ್, ಇತಿಹಾಸ ಕಲಿಸಿದರು. ಹೋಟೆಲ್ ಬಿಡಬೇಕಾದವರು ಬಿಡಲಿ, ಇರಬೇಕಾದವರು ಇರಲಿ ಅಂತ. ಅಜ್ಜಯ್ಯ ಇರುವವರ ಪೈಕಿಗೆ ಸೇರಿದರು, ಅಷ್ಟೇ.

ನಮ್ಮ ರಾಜ್ಯಕ್ಕೆ ನಿರಾಶ್ರಿತರು ಹೊಸಬರೇನಲ್ಲ. ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ಮೂರು ಸಾವಿರ ಎಕರೆಯಷ್ಟು ಜಾಗ ಕೊಟ್ಟರು. 1960ರ ಆಸುಪಾಸಿನಲ್ಲಿ ಬಂದವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ವಸತಿಗಳಾದವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು ಸಿಂಧನೂರಿನ ಕ್ಯಾಂಪುಗಳಲ್ಲಿದ್ದಾರೆ. ಶ್ರೀಲಂಕಾದಿಂದ ಮರಳಿದ ತಮಿಳರು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ದುಡಿದರು. ಅಂದು ಕೊಟ್ಟದ್ದು ಜಮೀನು ಅಥವಾ ತೋಟದ ಕೆಲಸ. ಈಗ ಬೈಲಕುಪ್ಪೆಗೆ ಹೋಗಿ ನೋಡಿ. ಸುವರ್ಣ ದೇವಾಲಯ ನೋಡಿ ಬಂದವರೆಲ್ಲ ಮೊಮೊ, ತುಕ್ಪಾ ತಿನ್ನದೆ ಬಸ್ ಹತ್ತುವುದಿಲ್ಲ. ಮೂರನೇ ತಲೆಮಾರಿನ ಹುಡುಗ ಹುಡುಗಿಯರಿಗೆ ಜೋಳದ ಹೊಲಕ್ಕಿಂತ ಕೆಫೆಯೇ ಜೀವನ. ಅವರಲ್ಲಿ ಹೆಚ್ಚಿನವರು ಇಲ್ಲೇ ಹುಟ್ಟಿದವರು, ಕನ್ನಡ ಮಾತಾಡುವವರು. ಆದರೂ ಕೈಯಲ್ಲಿರುವುದು ವಿದೇಶಿಯರ ನೋಂದಣಿ ಪತ್ರ. 2014ರ ಟಿಬೆಟಿಯನ್ ಪುನರ್ವಸತಿ ನೀತಿ ಅವರಿಗೆ ವ್ಯಾಪಾರದ ಪರವಾನಗಿ, ಸರ್ಕಾರದ ಕಲ್ಯಾಣ ಯೋಜನೆಗಳು ಸಿಗಬೇಕು ಅಂತ ರಾಜ್ಯಗಳಿಗೆ ಹೇಳಿದೆ. ಅದು ಒಳ್ಳೆಯ ಮಾದರಿ, ಆದರೆ ಒಂದು ಸಮುದಾಯಕ್ಕೆ ಮಾತ್ರ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮಲ್ಲಿ ನಿರಾಶ್ರಿತರಿಗಂತಲೇ ಕಾನೂನೂ ಇಲ್ಲ. ಬೇರೆ ದೇಶದಿಂದ ಓಡಿ ಬಂದ ಒಬ್ಬರ ಕೈಯಲ್ಲಿ ವಿಶ್ವಸಂಸ್ಥೆಯ ಗುರುತಿನ ಚೀಟಿ ಇದ್ದರೂ ಅದು ಕೆಲಸದ ಪರವಾನಗಿ ಅಲ್ಲ.

ಇಷ್ಟು ಓದಿದ ನಿಮ್ಮಲ್ಲಿ ಕೆಲವರು, ನಮ್ಮ ಹುಡುಗರಿಗೇ ಕೆಲಸವಿಲ್ಲ, ಇವರಿಗೆ ತರಬೇತಿ ಬೇರೆ ಕೇಡು ಅಂತ ಅಂದುಕೊಳ್ಳುತ್ತಿರಬಹುದು. ನನ್ನ ಗೆಳೆಯರೂ ಅನ್ನುತ್ತಾರೆ. ನಮ್ಮ ಹೋಟೆಲಿನ ಬಾಗಿಲಲ್ಲಿ 'ಕೆಲಸಕ್ಕೆ ಜನ ಬೇಕಾಗಿದ್ದಾರೆ' ಅಂತ ಕನ್ನಡದಲ್ಲೇ ಬರೆದ ಬೋರ್ಡ್ ವರ್ಷದಿಂದ ನೇತಾಡುತ್ತಿದೆ. ನಮ್ಮ ಊರಿನ ಕಡೆಯ ಹುಡುಗರು ಬರುವುದಿಲ್ಲ. ಯಾಕೆ ಬರಬೇಕು? ದಿನಕ್ಕೆ ಹನ್ನೆರಡು ಗಂಟೆ ಬಿಸಿಯ ಮುಂದೆ ನಿಂತು, ಹತ್ತು ವರ್ಷವಾದರೂ ಕಾಗದದ ಮೇಲೆ ಏನೂ ಆಗದ ಕೆಲಸ ಇದು. ಇದನ್ನು ಒಂದು ಕಸುಬು ಅಂತ ಒಪ್ಪಿಕೊಂಡು, ಮೆಟ್ಟಿಲುಗಳಿಟ್ಟು, ಪ್ರತಿ ಮೆಟ್ಟಿಲಿಗೂ ಒಂದು ಪತ್ರ ಮತ್ತು ಸಂಬಳ ಇಟ್ಟರೆ ಕುಂದಾಪುರದ ಹುಡುಗನೂ ಬರಬಹುದು, ಅಛಾಮಿನವರೂ ಇರಬಹುದು. ಇನ್ನು ಕನ್ನಡ ಕಲಿಯುವುದಿಲ್ಲ ಎಂಬ ದೂರು. ಹನ್ನೆರಡು ಗಂಟೆ ದುಡಿಸಿಕೊಂಡು ಯಾವ ಹೊತ್ತಿಗೆ ಕಲಿಯಬೇಕು ಅಂತ ಯಾರೂ ಹೇಳುವುದಿಲ್ಲ. ಮುಂಬೈಯಲ್ಲಿ ಅಜ್ಜಯ್ಯ ಮರಾಠಿ ಕಲಿತರು, ಕಲಿಯಲು ಒಂದು ಬೆಂಚು, ಒಂದು ದೀಪ, ಒಬ್ಬ ಮೇಷ್ಟ್ರು ಇದ್ದರು.

ನನ್ನ ಲೆಕ್ಕದಲ್ಲಿ ಇದು ಆಗದ ಮಾತಲ್ಲ. ದರ್ಶಿನಿಗಳಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ ಕೆಲಸ ಸಡಿಲ. ಆಗ ಹುಡುಗರು ಅಕ್ಕಿ ಮೂಟೆಯ ಮೇಲೆ ಮಲಗಿ ರೀಲ್ಸ್ ನೋಡುತ್ತಾರೆ. ಒಂದು ಬಡಾವಣೆಯ ಐದಾರು ಹೋಟೆಲುಗಳು ಸೇರಿ, ವಾರಕ್ಕೆ ಎರಡು ದಿನ ಆ ಹೊತ್ತನ್ನು ಸಂಬಳ ಸಹಿತ ಬಿಟ್ಟುಕೊಟ್ಟರೆ ಸಾಕು. ಜಾಗಕ್ಕೆ ಹತ್ತಿರದ ಕಲ್ಯಾಣ ಮಂಟಪವೋ ಶಾಲೆಯೋ ಸಿಗುತ್ತದೆ. ಮಾತಾಡುವ ಕನ್ನಡ, ಓದುವಷ್ಟು ಕನ್ನಡ, ಆಹಾರ ಸುರಕ್ಷತೆ, ಸುಟ್ಟಗಾಯಕ್ಕೆ ಮೊದಲು ಏನು ಮಾಡಬೇಕು, ಗ್ಯಾಸ್ ಸೋರಿದರೆ ಏನು ಮಾಡಬೇಕು, ಬ್ಯಾಂಕ್ ಪಾಸ್‌ಬುಕ್ ಓದುವುದು ಹೇಗೆ. ಪಾಠ ಹೇಳಲು ನನ್ನಂಥ ಡಿಗ್ರಿ ಮುಗಿಸಿದವರು ಬೀದಿಗೆ ಹತ್ತು ಮಂದಿ ಇದ್ದೇವೆ. ಪರೀಕ್ಷೆ ಮಾಡಿ ಪತ್ರ ಕೊಡುವ ಕೆಲಸ ಮಾತ್ರ ಸರ್ಕಾರದ್ದು, ಹೋಟೆಲ್ ಸಂಘಗಳದ್ದು. ಆ ಪತ್ರ ಕೊಡುವಾಗ ಯಾವ ದೇಶದವರು ಅಂತ ನೋಡದೆ, ಇಲ್ಲಿ ಕಾನೂನುಬದ್ಧವಾಗಿ ದುಡಿಯುತ್ತಿದ್ದಾರೆಯೇ ಅಂತ ಮಾತ್ರ ನೋಡಿದರೆ ದಾಜುವಿನಂಥವರಿಗೂ ಸಿಗುತ್ತದೆ.

ಬಿಟ್ಟು ಹೋಗುತ್ತಾರೆ ಎಂಬ ಭಯಕ್ಕೆ ನನ್ನಲ್ಲಿ ಉತ್ತರವಿಲ್ಲ. ಹೋಗುತ್ತಾರೆ. ಕೆಲವರು ಹೋಗಿಯೇ ಹೋಗುತ್ತಾರೆ. ಕಾಗದ ಕೊಡದೆ ಕಟ್ಟಿಹಾಕಿದ ಕೆಲಸಗಾರರನ್ನು ನಂಬಿ ಹೋಟೆಲ್ ನಡೆಸುವುದಾದರೆ, ಗೋಡೆಯ ಮೇಲಿನ ಆ ಫ್ರೇಮನ್ನು ಇಳಿಸಿಬಿಡೋಣ ಅಂತ ಅಪ್ಪಯ್ಯನಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಮಾತೂ ಆಡಲಿಲ್ಲ, ಎದ್ದು ಹಾಲಿನ ಲೆಕ್ಕ ನೋಡಲು ಹೋದರು.

ಮರುದಿನ ಹೋಟೆಲಿನ ಲೆಟರ್‌ಹೆಡ್ಡಿನಲ್ಲಿ ಅನುಭವ ಪತ್ರ ಟೈಪ್ ಮಾಡಲು ಕೂತೆ. ಹೆಸರು ಬರೆಯುವ ಜಾಗದಲ್ಲಿ ಕೈ ನಿಂತಿತು. ಇಷ್ಟು ವರ್ಷವಾದರೂ ಅವರ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಕೇಳಿದೆ. ದಾಜು ಪರ್ಸಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ನೇಪಾಳದ ನಾಗರಿಕತೆಯ ಪತ್ರ ತೆಗೆದು ತೋರಿಸಿದರು. ಅಕ್ಷರ ತಪ್ಪಬಾರದು ಅಂತ ಎರಡು ಸಲ ಓದಿಸಿದರು. ದೋಸೆ ಕಲ್ಲು, ಇಡ್ಲಿ, ಚಟ್ನಿ, ಎಲ್ಲ ಸೇರಿಸಿ, ಏಳು ವರ್ಷದ ಅನುಭವ ಅಂತ ಬರೆದು ಗಲ್ಲಾದ ಡ್ರಾಯರಿನಲ್ಲಿಟ್ಟೆ.

ನಾಲ್ಕು ದಿನ ಅದು ಅಲ್ಲೇ ಇತ್ತು. ಮೊನ್ನೆ ರಾತ್ರಿ ಅಪ್ಪಯ್ಯ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. 'ಏಳಲ್ಲ, ಎಂಟು. ಗ್ರೈಂಡರ್ ನೋಡ್ಕಂಡಿದ್ ವರ್ಷ ಬಿಟ್ಟಿದೆ' ಅಂದು ಡ್ರಾಯರಿಗೇ ಹಾಕಿದರು. ಸಹಿ ಹಾಕಿಲ್ಲ. ನಾನು ತಿದ್ದಿ, ಇನ್ನೊಂದು ಪ್ರಿಂಟ್ ತೆಗೆದು, ಪೆನ್ನಿನ ಜೊತೆ ಅದೇ ಜಾಗದಲ್ಲಿ ಇಟ್ಟಿದ್ದೇನೆ.